ಸ್ಟೇರಿಂಗ್ ಸಾಹೇಬರ ಸನ್ನಿಧಿಗೆ

ಇಪ್ಪತ್ತು ಮಳೆಗಾಲ ಕಂಡ ನಮ್ಮ ಸಣ್ಣ ಕಾರಿನ ಮಹಾರಾಜಶ್ರೀ ಸ್ಟೇರಿಂಗ್ ಸಾಹೇಬರಿಗೆ, ಕಲಬುರಗಿಯಿಂದ ತಮ್ಮ ಆಜ್ಞಾಧಾರಕನ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಎಂದು ಬರೆಯುವುದು ರೂಢಿ. ಮೊಣಕೈವರೆಗೆ ಜೋಮು ಹಿಡಿದಿರುವುದನ್ನು ಬಿಟ್ಟರೆ ನಾನು ಕುಶಲ. ತಮ್ಮ ಯೋಗಕ್ಷೇಮವನ್ನು ತಾವೇ ಕ್ಷಣಕ್ಷಣಕ್ಕೂ ನಡುಗಿ ತಿಳಿಸುತ್ತಿದ್ದೀರಿ. ಆ ಸೌಜನ್ಯಕ್ಕೆ ಮೊದಲ ವಂದನೆ.

ನೌಕರಿಯ ನಿಮಿತ್ತ ಆಳಂದ, ಅಫಜಲಪುರ, ಜೇವರ್ಗಿ ಮೂರೂ ದಿಕ್ಕಿಗೆ ತಮ್ಮನ್ನು ಹಿಡಿದುಕೊಂಡೇ ತಿರುಗುವ ಭಾಗ್ಯ ನನ್ನದು. ತಮ್ಮ ವಿವೇಚನೆಗೆ ಬೆರಗಾಗಿದ್ದೇನೆ. ಆಳಂದದ ಒಳಹಾದಿಗಳಲ್ಲಿ, ಡಾಂಬರೆಲ್ಲಿ ತಗ್ಗೆಲ್ಲಿ ಎಂದು ತಿಳಿಯದ ಕಡೆ, ತಾವು ಮೌನವ್ರತ ಹಿಡಿಯುತ್ತೀರಿ. ಜೇವರ್ಗಿ ಕಡೆ ರಾಷ್ಟ್ರೀಯ ಹೆದ್ದಾರಿ 50 ಒಂದಿಷ್ಟು ನುಣ್ಣಗೆ ಸಿಕ್ಕು ಮುಳ್ಳು ಎಪ್ಪತ್ತೈದು ದಾಟಿತೋ, ತಮಗೆ ಮೈಮೇಲೆ ಬರುತ್ತದೆ. ತೊಂಬತ್ತೈದು ದಾಟಿದರೆ ಇಳಿಯುತ್ತದೆ ಎನ್ನುತ್ತಾರೆ. ಈ ವಯಸ್ಸಿನ ಬ್ರೇಕನ್ನು ನಂಬಿ ಅಲ್ಲಿಯವರೆಗೆ ಹೋಗಿ ನೋಡುವ ಎದೆಗಾರಿಕೆ ನನಗಿಲ್ಲ. ಹುಣ್ಣಿಮೆಗೆ ಚೌಡಾಪುರದ ಮೇಲೆ ಗಾಣಗಾಪುರಕ್ಕೆ ಹೊರಟಾಗ ಪಕ್ಕದಲ್ಲಿದ್ದ ಸೋದರಮಾವ, “ಯಾಕೋ ತಮ್ಮಾ, ಕೈ ನಡಗ್ಲತ್ತಾವಲ್ಲ, ಡಾಕ್ಟರ್‌ಗೆ ತೋರ್ಸಿಯೇನು?” ಎಂದು ಕೇಳಿದರು. ನನ್ನ ಆರೋಗ್ಯದ ಬಗ್ಗೆ ಬಳಗದಲ್ಲಿ ಇಷ್ಟು ಕಾಳಜಿ ಹುಟ್ಟಿಸಿದ್ದಕ್ಕೆ ಚಿರಋಣಿ.

ತಮ್ಮ ಆವೇಶಕ್ಕೆ ಗಣಿತದ ಬೆಂಬಲವಿರುವುದನ್ನೂ ವಿನಯದಿಂದ ಒಪ್ಪುತ್ತೇನೆ. 12 ಇಂಚಿನ ರಿಮ್ಮಿನ ಸಣ್ಣ ಗಾಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಆಗ ರಿಮ್ಮಿನ ಅಂಚಿನಲ್ಲಿ ಒಂದೇ ಕಡೆ 20 ಗ್ರಾಂ ಹೆಚ್ಚಿದ್ದರೆ, ಅದು ಎರಡು ಕಿಲೋಗೂ ಮೀರಿದ ಬಲದಿಂದ ಗಾಲಿಯನ್ನು ಸುತ್ತುಸುತ್ತಿಗೂ ಜಗ್ಗುತ್ತದೆ. ವೇಗ ಎರಡರಷ್ಟಾದರೆ ಜಗ್ಗಾಟ ನಾಲ್ಕರಷ್ಟು. ಈ ಜಗ್ಗಾಟದ ಲಯವೂ ಸಸ್ಪೆನ್ಷನ್ನಿನ ಸಹಜ ಕಂಪನದ ಲಯವೂ ಕೂಡಿಬಂದ ವೇಗದಲ್ಲಿ ತಾವು ಕುಣಿಯುತ್ತೀರಿ.

ಆ 20 ಗ್ರಾಂ ಎಲ್ಲಿಂದ ಬಂತು? ಗಾಲಿಯ ತೂಕ ಸರಿದೂಗಿಸಲು, ಅಂದರೆ ಬ್ಯಾಲೆನ್ಸಿಂಗಿಗೆಂದು, ಹಿಂದೆ ಯಾರೋ ಬಡಿದ ಸೀಸದ ತುಂಡು ಉದುರಿರಬಹುದು. ಇಲ್ಲವೇ ನಮ್ಮ ನೆಲದ ಕಾಣಿಕೆ. ಅಫಜಲಪುರದ ಕಡೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹೊಲದಿಂದ ರಸ್ತೆಗೆ ಏರುವಾಗ ಗಾಲಿಗೆ ಮೆತ್ತಿದ ಎರೆಮಣ್ಣನ್ನು ಡಾಂಬರಿಗೆ ದಾನ ಮಾಡಿ ಹೋಗುತ್ತವೆ. ನಮ್ಮ ಗಾಲಿ ಅದನ್ನು ರಿಮ್ಮಿನ ಒಳಮೈಗೆ ಹಚ್ಚಿಕೊಳ್ಳುತ್ತದೆ, ಎರಡು ದಿನದ ಬಿಸಿಲಿಗೆ ಅದು ಕಲ್ಲು. ಹೊರಗೆ ಎಷ್ಟು ತೊಳೆದು ಹೊಳೆಯಿಸಿದರೂ ಒಳಗಿನದು ಕಾಣುವುದಿಲ್ಲ. ಆ ಮಣ್ಣಿನ ಸಮೇತ ಬ್ಯಾಲೆನ್ಸಿಂಗ್ ಮಾಡಿಕೊಡುವ ಧರ್ಮಾತ್ಮರೂ ಇದ್ದಾರೆ. ಯಂತ್ರ ಸೊನ್ನೆ ತೋರಿಸುತ್ತದೆ, ದುಡ್ಡು ಸಂದಾಯವಾಗುತ್ತದೆ. ಮುಂದಿನ ತಗ್ಗಿನಲ್ಲಿ ಹೆಂಟೆ ಕಳಚಿ ಬಿದ್ದೊಡನೆ, ಅದನ್ನು ಸರಿದೂಗಿಸಲು ಬಡಿದ ಸೀಸವೇ ಹೊಸ ರೋಗ.

ಸಾಹೇಬರೇ, ತಮ್ಮ ನಡುಕವೆಂಬುದು ಸರ್ಕಾರಿ ಕಚೇರಿಗೆ ಬರುವ ಮೂಗರ್ಜಿಯ ತಿರುಗುಮುರುಗು. ಅಲ್ಲಿ ದೂರುದಾರನ ಹೆಸರಿರುವುದಿಲ್ಲ, ಇಲ್ಲಿ ದೂರು ಖಡಕ್ಕಾಗಿದ್ದರೂ ಆರೋಪಿಯ ಹೆಸರೇ ಇರುವುದಿಲ್ಲ. ಹೀಗಾಗಿ ವಿಚಾರಣೆಗೆ ಕೂತವರು ತಂತಮಗೆ ಅನುಕೂಲವಾದ ಹೆಸರು ಬರೆದುಕೊಳ್ಳುತ್ತಾರೆ. ಟೈರಿನ ಅಂಗಡಿಯವರು “ಟೈರ್ ಹೋಗ್ಯಾವ್ರಿ” ಎಂದರು. ಅಲೈನ್‌ಮೆಂಟ್ ಯಂತ್ರ ಇಟ್ಟವರು “ಅಲೈನ್‌ಮೆಂಟ್ ಔಟ್ ಆಗ್ಯಾದ್ರಿ” ಎಂದರು. ಯಾರ ಅಂಗಡಿಯಲ್ಲಿ ಯಾವ ಔಷಧಿಯೋ ಅದೇ ರೋಗ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರಿನ ಅಂಚು ಸವೆಯುತ್ತದೆ. ಹಾಗೆ ಅಂಕುಡೊಂಕಾಗಿ ಸವೆದ ಟೈರು ಮುಂದೆ ನಡುಗಿಸಬಹುದು. ನಡುಕಕ್ಕೆಲ್ಲ ಅಲೈನ್‌ಮೆಂಟೇ ಮೊದಲ ಮದ್ದು ಎಂಬುದು ವ್ಯಾಪಾರ.

ಜೇವರ್ಗಿಯ ರಸ್ತೆಬದಿಯ ಮಿಸ್ತ್ರಿಯೊಬ್ಬರು ಮಾತ್ರ ಪಾನಾ ಎತ್ತುವ ಮೊದಲು ಬಾಯಿ ತೆರೆದರು: “ಯಾವಾಗ ನಡಗ್ತದ್ರಿ? ಬ್ರೇಕ್ ಹೊಡದಾಗೋ, ಸುಮ್ನ ಹೊಂಟಾಗೋ?” ತಮ್ಮ ಘನತೆಗೆ ತಕ್ಕ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ಬ್ರೇಕ್ ಒತ್ತಿದಾಗ ಮಾತ್ರ ತಾವು ನಡುಗಿ, ಪೆಡಲ್ಲೂ ಕಾಲಿಗೆ ಬಡಿದರೆ ಡಿಸ್ಕಿನ ದಪ್ಪದಲ್ಲಿ ಕೂದಲೆಳೆಯಷ್ಟು ಏರುಪೇರಾಗಿದೆ ಎಂದರ್ಥ. ಗಾಡಿ ಜಗ್ಗುವಾಗ ನಡುಗಿ ಆಕ್ಸಿಲರೇಟರ್ ಬಿಟ್ಟೊಡನೆ ನಿಂತರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟು. ನಡುಕ ಕೈಗೆ ಬಾರದೆ ಸೀಟಿಗೆ ಬಂದರೆ ಹಿಂದಿನ ಗಾಲಿ. ನಿಧಾನಕ್ಕೆ ಹೋಗುವಾಗಲೇ ತಾವು ಅತ್ತಿತ್ತ ತೂಗಿದರೆ ರಿಮ್ಮು ಸೊಟ್ಟಗಾಗಿದೆ, ಇಲ್ಲವೇ ಟೈರಿನೊಳಗಿನ ಪದರ ಬಿಟ್ಟು ಉಬ್ಬಿದೆ. ಅದನ್ನು ಯಾವ ಸೀಸವೂ ಸರಿಪಡಿಸದು. ಇಷ್ಟನ್ನು ತಾವೇ ಬಾಯಿಬಿಟ್ಟು ಹೇಳಿದ್ದರೆ ನನ್ನ ಒಂದು ಪಗಾರದ ಭಾಗ ಉಳಿಯುತ್ತಿತ್ತು. ದೊಡ್ಡವರು, ಕೇಳುವುದು ಹೇಗೆ?

ಕಟ್ಟಿ ಸಂಗಾವಿ ಹತ್ತಿರ ಭೀಮಾ ಸೇತುವೆಯ ಮೇಲೆ ತಾವು ಹೊಸದಾಗಿ ಶುರುಮಾಡಿದ ‘ಟಕ್ ಟಕ್’ ಸಂಗೀತಕ್ಕೂ ಕೃತಜ್ಞತೆ ಸಲ್ಲಬೇಕು. ಮಿಸ್ತ್ರಿ ಗಾಡಿಯನ್ನು ಜಾಕಿಗೆ ಏರಿಸಿ, ಕೆಳಗೆ ದಿಮ್ಮಿ ಕೊಟ್ಟು, ಎಡಗಾಲಿಯನ್ನು ಗಡಿಯಾರದ ಒಂಬತ್ತು–ಮೂರರ ಜಾಗದಲ್ಲಿ ಹಿಡಿದು ಅಲುಗಿಸಿದರು: ಟಕ್. ಹನ್ನೆರಡು–ಆರರಲ್ಲಿ ಹಿಡಿದರು: ಸದ್ದಿಲ್ಲ. ಮೇಲೆ–ಕೆಳಗೆ ಅಲುಗಿದ್ದರೆ ಬೇರಿಂಗೋ ಕೆಳಗಿನ ಬಾಲ್ ಜಾಯಿಂಟೋ ಆಗಿರುತ್ತಿತ್ತು. ಅಡ್ಡಕ್ಕೆ ಮಾತ್ರ ಅಲುಗಿದ್ದರಿಂದ, ಒಬ್ಬರು ಅಲುಗಿಸಿ ಇನ್ನೊಬ್ಬರು ಕೈಯಿಟ್ಟು ನೋಡಿದಾಗ, ತಮ್ಮನ್ನು ಗಾಲಿಗೆ ಜೋಡಿಸುವ ಟೈ ರಾಡ್ ಎಂಡ್ ಸಿಕ್ಕಿಬಿತ್ತು. ಅದರ ರಬ್ಬರ್ ಟೋಪಿ ಹರಿದು ಒಳಗೆ ಗ್ರೀಸಿನ ಬದಲು ಎರೆಮಣ್ಣು ಕೂತಿತ್ತು. ಈ ಸಡಿಲು ಇಟ್ಟುಕೊಂಡೇ ನನಗೆ ಅಲೈನ್‌ಮೆಂಟ್ ಮಾಡಿಕೊಟ್ಟು ಬಣ್ಣದ ಚೀಟಿ ಮುದ್ರಿಸಿ ಕೊಟ್ಟವರ ಕಲಾಸೇವೆಗೆ ಏನೆನ್ನಲಿ!

ತಮ್ಮನ್ನೊಬ್ಬರನ್ನೇ ದೂರುವುದು ಅನ್ಯಾಯ. ಈ ಸೀಮೆಯ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಬುನಾದಿ ಗಟ್ಟಿಯಿಲ್ಲದೆ ಅದರ ಮೇಲೆ ಹಾಸಿದ ಡಾಂಬರು ಅಲೆಯಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಊರೂರಿಗೂ ಬಣ್ಣ ಬಳಿಯದ ಹಂಪುಗಳು ಬೇರೆ. ಹೊಸ ಟೈ ರಾಡ್ ಎಂಡಿಗೂ ಇಲ್ಲಿ ಸುಖವಿಲ್ಲ.

ಆದ್ದರಿಂದ ಚರಣಕ್ಕೆ ಅರಿಕೆ. ರಿಮ್ಮಿನ ಒಳಮೈ ಕೆರೆಸಿದ್ದೇನೆ, ಸಡಿಲಾದದ್ದನ್ನು ಬದಲಿಸುತ್ತೇನೆ, ಆಮೇಲೆ ಬ್ಯಾಲೆನ್ಸಿಂಗ್, ಎಲ್ಲಕ್ಕೂ ಕೊನೆಗೆ ಅಲೈನ್‌ಮೆಂಟ್. ಈ ಕ್ರಮ ತಪ್ಪಿಸಿ ಯಾರಿಗೂ ದುಡ್ಡು ಕೊಡುವುದಿಲ್ಲ. ಅಷ್ಟಾದ ಮೇಲೂ ತಾವು ಎಂಬತ್ತಕ್ಕೆ ಕುಣಿದರೆ ಮುಂದಿನ–ಹಿಂದಿನ ಗಾಲಿಗಳನ್ನು ಅದಲುಬದಲು ಮಾಡಿಸುತ್ತೇನೆ. ನಡುಕ ತಮ್ಮನ್ನು ಬಿಟ್ಟು ಸೀಟಿಗೆ ಹೋದರೆ ಅಪರಾಧಿ ಗಾಲಿಯೇ.

ತಮ್ಮ ವಿಧೇಯ,
ಕಾರಿನ ನಾಮಮಾತ್ರ ಮಾಲೀಕ

ಪ್ರತಿ, ಮಾಹಿತಿಗಾಗಿ: ಈ ಮೂರು ತಾಲ್ಲೂಕಿನ ದಾರಿಯಲ್ಲಿ ಹಳೇ ಕಾರು ಓಡಿಸುವ ಸಕಲರಿಗೆ. ವೇಗ ಇಳಿಸಿದೊಡನೆ ನಿಲ್ಲುವ ಬರೀ ನಡುಕವಾದರೆ ನಿಧಾನಕ್ಕೆ ಊರು ಸೇರಬಹುದು. ಸ್ಟೇರಿಂಗಿನಲ್ಲಿ ಸಡಿಲು, ಕೆಳಗಿನಿಂದ ಟಕ್ ಎಂಬ ಸದ್ದು, ಟೈರಿನ ಮೇಲೆ ಉಬ್ಬು ಕಂಡರೆ ಸಂತೆಯ ದಿನಕ್ಕೆ ಕಾಯಬೇಡಿ. ಅಂದೇ ಜಾಕಿ ಏರಿಸಿ ತೋರಿಸಿ. ಜಾಯಿಂಟು ಕಳಚಿದರೆ ಗಾಲಿ ಒಂದು ಕಡೆ, ಸ್ಟೇರಿಂಗ್ ಒಂದು ಕಡೆ.