ಕಂಡಕ್ಟರ್ ಮಾವನ 'ಪಯಣ'

ಅಂತರಸಂತೆಯಲ್ಲಿ ಅವರನ್ನು ಎಲ್ಲರೂ ಕಂಡಕ್ಟರ್ ಮಾವ ಅಂತಲೇ ಕರೆಯೋದು. ರಿಟೈರಾಗಿ ಹತ್ತು ವರ್ಷವಾಯ್ತು. ಈಗಲೂ ಮದುವೆಮನೆ ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರೆ ಸಾಕು, "ಒಳೀಕ್ ನಡೀರಪ್ಪ, ಮಧ್ಯ ಎಲ್ಲಾ ಖಾಲಿ ಅದೆ" ಅನ್ನುತ್ತಾರೆ. ಮಾನಂದವಾಡಿ ರಸ್ತೆಯಲ್ಲಿ ಸಂಜೆ ಆರಕ್ಕೆ ಕಾಡಿನ ಗೇಟು ಬೀಳುತ್ತದಲ್ಲ, ಆ ದಿಗಿಲೂ ಬಿಟ್ಟಿಲ್ಲ. ಊಟದ ಪಂಕ್ತಿಯಲ್ಲಿ ಕೂತವರಿಗೂ "ಬಿರ್‍ನೆ, ಗೇಟ್ ಆಕ್ಬುಡ್ತಾರೆ!"

ಅಂಥವರನ್ನು ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ತೋರಿಸಲು ಕರೆದೊಯ್ದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೇ ಕಾರುಗಳ ಮ್ಯೂಸಿಯಂ. ಮಾವ ಟಿಕೆಟನ್ನು ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡರು, ಚೆಕಿಂಗ್‌ನವರು ಎಲ್ಲಿ ಹತ್ತುತ್ತಾರೋ ಏನೋ!

ಜನ ಬಾನೆಟ್ಟು, ದೀಪ, ಬಣ್ಣ ನೋಡುತ್ತಿದ್ದರೆ ಮಾವ ಸೀಟು ಎಣಿಸುತ್ತಿದ್ದರು. ಒಂದು ಉದ್ದನೆ ಕಾರಿನ ಮುಂದೆ ನಿಂತೇಬಿಟ್ಟರು. "ಇಷ್ಟು ಗಾಡೀಲಿ ಬರೀ ಐದು ಜನವಾ?" ಪಕ್ಕದ ಕಾಲುಹಲಗೆಯನ್ನು ದೂರದಿಂದಲೇ ಗೇಣಿನಲ್ಲಿ ಅಳೆದರು. "ಈ ಕಡೆ ನಾಕು, ಆ ಕಡೆ ನಾಕು, ಕೋಳಿ ಬುಟ್ಟಿ ಮೇಲಕ್ಕೆ. ಸಂತೆ ದಿವಸ ಹದಿನೈದು ಟಿಕೆಟ್‌ಗೆ ಮೋಸ ಇಲ್ಲ."

ಅಷ್ಟರಲ್ಲಿ ಸುತ್ತ ಏಳೆಂಟು ಮಂದಿ ಸೇರಿದ್ದರು. ಮಾವನಿಗೆ ಲೋಡ್ ಸಿಕ್ಕಿತು. ಮೈಸೂರು ಸರ್ಕಾರದ ಸಾರಿಗೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸಿನಿಂದ ಶುರುವಾದದ್ದು, 1961ರಲ್ಲಿ ನಿಗಮವಾದದ್ದು, ಎಲ್ಲವನ್ನೂ ಸ್ವಂತ ಮದುವೆ ತಾರೀಖಿನಂತೆ ಹೇಳಿದರು. (ಮದುವೆ ತಾರೀಖು ಅತ್ತೆಯನ್ನೇ ಕೇಳಬೇಕು.) ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಲ ಗ್ಯಾಸಿನಲ್ಲಿ ಬಸ್ ಓಡಿಸಿದ ಕತೆಯೂ ಬಂತು. ಏರು ಸಿಕ್ಕರೆ ಜನವೇ ಇಳಿದು ತಳ್ಳಬೇಕಿತ್ತಂತೆ.

"ಅಷ್ಟಕ್ಕೆ ಚಾರ್ಜ್ ಕಮ್ಮಿ ಮಾಡ್ತಿದ್ರಾ ತಾತ?" ಒಬ್ಬ ಹುಡುಗ ಕೇಳಿದ.

"ತಳ್ಳಿದ್ದಕ್ಕೆಲ್ಲ ಕಮ್ಮಿ ಮಾಡೋಕಾಯ್ತದಾ?" ಎಂದ ಮಾವ ತೊಡೆಗೆ ಎರಡೇಟು ಹಾಕಿ, "ರೈಟ್!" ಅಂದರು. ಗುಂಪು ತೆಪ್ಪಗೆ ಮುಂದಿನ ಕಾರಿಗೆ ಸರಿಯಿತು.

ವಾಪಸ್ಸು ಮೈಸೂರಿಂದ ಎಚ್.ಡಿ. ಕೋಟೆ ಬಸ್ಸು. ನಾನು ಬೇಡವೆಂದರೂ ಕೇಳದೆ ಮಾವ ಐನೂರರ ನೋಟು ನೀಡಿದರು. ಕಂಡಕ್ಟರ್ ಹುಡುಗಿ ತಲೆಯೆತ್ತದೆ, "ಚಿಲ್ರೆ ಇಲ್ವಾ ಯಜಮಾನ್ರೆ?" ಎಂದವಳು ಟಿಕೆಟ್ಟಿನ ಬೆನ್ನಿಗೆ ಬಾಕಿ ಗೀಚಿಕೊಟ್ಟು ಮುಂದೆ ಹೋದಳು. ಮೂವತ್ತು ವರ್ಷ ಹಾಗೆ ಗೀಚಿ ಕೊಟ್ಟವರು ಮಾವ.

ಹಂಪಾಪುರ ದಾಟಿತು. ನಾನು ಕಾರುಗಳ ಮಾತೆತ್ತಿದೆ. ಮಾವನಿಗೆ ಕಿವಿಯೇ ಇರಲಿಲ್ಲ; ಹ್ಯಾಂಡ್‌ಪೋಸ್ಟ್ ಬರುವವರೆಗೂ ಅವಳ ಬ್ಯಾಗಿನ ಮೇಲೇ ಕಣ್ಣು.