ಬೆಂಕಿಯಣ್ಣ ಬಂದ, ತಟ್ಟೆ ಮುಚ್ಚಿ!

ಬಂಗಾರಪೇಟೆಯ ಪಾನಿಪೂರಿಗೆ ಒಂದು ಗತ್ತಿದೆ. ಬೇರೆ ಊರಿನ ಪಾನಿ ಹಸಿರೋ ಕಂದೋ ಇದ್ದರೆ ನಮ್ಮದು ಬಾವಿನೀರಿನಷ್ಟು ತಿಳಿ. ಬರೀ ನೀರೆಂದು ನಂಬಿ ಬಾಯಿಗಿಟ್ಟವರ ಕಣ್ಣಲ್ಲಿ ನೀರು. ಈ ತಿಳಿನೀರಿಗೆ ಬಣ್ಣ ಹಾಕುವ ತಾಕತ್ತು ಇರುವುದು ಬೆಂಕಿಯಣ್ಣನಿಗೊಬ್ಬನಿಗೇ.

ಅವನದೊಂದು ಹಳೇ ಟಿಪ್ಪರ್. ಕಂಪನಿಯವರು ಮರ್ಯಾದೆಯಾಗಿ ಕೆಳಗೆ ಕೂರಿಸಿದ್ದ ಸೈಲೆನ್ಸರನ್ನು ಕಿತ್ತೆಸೆದು, ಕ್ಯಾಬಿನ್ನಿನ ಬೆನ್ನಿಗೆ ಎರಡು ಕೊಳವೆ ನೆಟ್ಟಿದ್ದಾನೆ. ಅಮೆರಿಕದ ಲಾರಿಗಳು ಕೊಂಬಿನಿಂದ ಬೆಂಕಿ ಉಗುಳುವ ವಿಡಿಯೊ ನೋಡಿದ ದಿನದಿಂದ ಅವನಿಗೆ ನಿದ್ದೆಯಿಲ್ಲ. ಓಣಿಯವರಿಗೂ ಇಲ್ಲ.

ಬೆಂಕಿ ಅವನಿಗೆ ಹೊಸದಲ್ಲ. 2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದಾಗ ಊರಿನ ಹುಡುಗರೆಲ್ಲ ಗಡ್ಡ ಬಿಟ್ಟರು. ಇವನು ಗಡ್ಡದ ಜೊತೆಗೆ ಬುಲೆಟ್ಟೂ ತಂದ. ಓಡುವ ಬುಲೆಟ್ಟಿನ ಕೀ ಆಫ್ ಮಾಡಿದರೆ ಸುಡದ ಪೆಟ್ರೋಲು ಸೈಲೆನ್ಸರಿಗೆ ಇಳಿಯುತ್ತದೆ. ಮತ್ತೆ ಆನ್ ಮಾಡಿದರೆ ಢಂ! ಹಿಂದೆ ನಾಲಿಗೆಯಷ್ಟು ಜ್ವಾಲೆ. ಅದನ್ನು ಬಗ್ಗಿ ನೋಡಲು ಹೋದ ದಿನ ಬಲಗಡೆಯ ಗಡ್ಡ ಹೋಯಿತು. ಎಡಗಡೆಯದು ಇನ್ನೂ ಸಿನಿಮಾದಲ್ಲೇ ಇದೆ.

ಆ ಢಂ ಸದ್ದಿಗೆ ಪಕ್ಕದ ಕೆಜಿಎಫ್ ಊರಿನ ಆಂಡರ್ಸನ್‌ಪೇಟೆಯ ಅಜ್ಜಿಯರು ಬಾಗಿಲಿಗೆ ಓಡಿಬರುತ್ತಾರೆ. ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತ ಆಳ. ಒಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆ ನಡುಗುತ್ತಿದ್ದ ಕಾಲ ಕಂಡವರು ಅವರು. ಯಾರ ಗಂಡ ಪಾಳಿಯಲ್ಲಿದ್ದಾನೆ ಎಂಬುದೇ ಮೊದಲ ಪ್ರಶ್ನೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ಅಜ್ಜಿಯರ ಕಿವಿ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಅವರು ತಮಿಳಿನಲ್ಲಿ ಬೈಯುತ್ತಾರೆ, ಇವನು ತೆಲುಗಿನಲ್ಲಿ ಸಮಾಧಾನ ಹೇಳುತ್ತಾನೆ, ನಡುವೆ ನಾವು ಕನ್ನಡದಲ್ಲಿ ನಗುತ್ತೇವೆ.

ಟಿಪ್ಪರಿಗೆ ಈ ಕೀ ಆಟ ನಡೆಯಲಿಲ್ಲ. ‘ಡೀಸೆಲ್ಲಿಗೆ ಕಿಡಿ ಯಾಕಪ್ಪಾ, ಅದು ಒತ್ತಡದ ಬಿಸಿಗೇ ಹತ್ತಿಕೊಳ್ಳುತ್ತೆ’ ಎಂದ ಮೆಕ್ಯಾನಿಕ್. ಹಾಗಾದರೆ ಪಂಪ್ ತಿರುಗಿಸು, ಡೀಸೆಲ್ ಜಾಸ್ತಿ ಬಿಡು ಎಂದ ಬೆಂಕಿಯಣ್ಣ. ಎಣ್ಣೆ ಹೆಚ್ಚಾಗಿ ಗಾಳಿ ಸಾಲದಿದ್ದರೆ ಆಗುವುದು ಮಸಿ. ಕೊಳವೆ ಕೆಂಪಗೆ ಕಾದು, ಉಳಿದ ಎಣ್ಣೆ ಬಾಯಲ್ಲಿ ಗಾಳಿ ಕಂಡು ಹೊತ್ತಿಕೊಂಡರೆ ಮಾತ್ರ ಬೆಂಕಿ. ನೂರಕ್ಕೆ ತೊಂಬತ್ತೊಂಬತ್ತು ಸಲ ಅಷ್ಟು ಕಾಯುವುದಿಲ್ಲ. ಕಾಯುವುದು ಅವನ ಹೆಂಡತಿಯ ತಲೆ. ಲೀಟರಿಗೆ ನಾಲ್ಕು ಕಿಲೋಮೀಟರು ಕೊಡುತ್ತಿದ್ದ ಗಾಡಿ ಎರಡೂವರೆಗೆ ಇಳಿದಿದೆ. ಹೊಗೆ ತಪಾಸಣೆಯ ಚೀಟಿಯಲ್ಲಿ ಎಲ್ಲವೂ ಶುದ್ಧ. ಆ ಚೀಟಿ ಯಾವ ಗಾಡಿಯದೆಂದು ನಾನು ಕೇಳಿಲ್ಲ.

ಒಂದು ರಾತ್ರಿ ಮಾತ್ರ ದೇವರು ಕಣ್ಣು ಬಿಟ್ಟ. ಗಾಡಿ ತುಂಬಾ ಜಲ್ಲಿ, ಎದುರಿಗೆ ಏರು, ಎರಡನೇ ಗೇರು. ಕೊಳವೆಯ ತುದಿಯಲ್ಲಿ ಗೇಣುದ್ದ ಜ್ವಾಲೆ, ಎರಡೇ ಎರಡು ಸೆಕೆಂಡು! ಕಂಡವನು ಒಬ್ಬ ಚಹಾದವನು. ಲಾರಿಗೆ ಬೆಂಕಿ ಬಿತ್ತೆಂದು ಪಾತ್ರೆ ತೊಳೆದ ನೀರನ್ನು ಬಕೆಟ್ಟು ಸಮೇತ ಎಸೆದ. ನೀರು ಬಿದ್ದದ್ದು ಬೆಂಕಿಯಣ್ಣನ ಮೇಲೆ. ಬಕೆಟ್ಟಿನ ದುಡ್ಡು ಕೊಟ್ಟು, ಸಾಕ್ಷಿ ಹೇಳಲು ಅವನನ್ನು ಇಂದಿಗೂ ಊರೆಲ್ಲ ಕರೆದುಕೊಂಡು ತಿರುಗುತ್ತಾನೆ.

ಇವನ ತಾತ ದುಡಿದದ್ದು ಒಂದು ಟನ್ ಕಲ್ಲು ಅರೆದು ಕೆಲವೇ ಗ್ರಾಂ ಚಿನ್ನ ತೆಗೆಯುವ ಗಣಿಯಲ್ಲಿ. ಮೊಮ್ಮಗ ಒಂದು ಟ್ಯಾಂಕ್ ಡೀಸೆಲ್ ಸುಟ್ಟು ಎರಡು ಸೆಕೆಂಡ್ ಬೆಂಕಿ ತೆಗೆದ. ಕುಲಕಸುಬು ಬಿಡಲಿಲ್ಲ ನೋಡಿ.

ಬಂಗಾರಪೇಟೆಗೆ ಬಂದರೆ ಪಾನಿಪೂರಿ ತಿನ್ನದೆ ಹೋಗಬೇಡಿ. ತಿನ್ನುವಾಗ ಕೆಜಿಎಫ್ ರಸ್ತೆಯ ಕಡೆ ಒಂದು ಕಣ್ಣಿರಲಿ. ಎರಡು ಕೊಂಬು ಕಂಡವೋ, ತಟ್ಟೆಗೆ ಅಂಗೈ ಅಡ್ಡ ಇಡಿ. ಪಾನಿ ಕಪ್ಪಾದರೆ ಅಂಗಡಿಯವನು ಬದಲಿಸಿ ಕೊಡುವುದಿಲ್ಲ.