ಎರಡು ಸಾವಿರ ಪಟ್ಟು ಭಕ್ತಿ

ಮಾಸಿ ಮಗಂ ತೇರಿಗೆ ಕಾರಮಡೈ ರಂಗನಾಥಸ್ವಾಮಿ ಹೇಗೂ ಸಿದ್ಧ. ಸಿದ್ಧರಾಗಬೇಕಾದವರು ನಮ್ಮ ಮಾವಂದಿರು. ಹಬ್ಬ ಹತ್ತಿರವಾಯಿತೆಂದರೆ ಇಲ್ಲಿನ ಒಕ್ಕಲಿಗರ ಮನೆಯಿಂದಲೋ ಸಿರುಮುಗೈಯ ದೇವಾಂಗರ ಮನೆಯಿಂದಲೋ ಒಬ್ಬ ಮಾವ ಹ್ಯಾಂಡಿಕ್ಯಾಮ್ ಕೊಳ್ಳಲು ಕೊಯಮತ್ತೂರಿನ ಬಸ್ಸು ಹತ್ತಿರುತ್ತಾನೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಡಬ್ಬದ ಮೇಲೆ ಇಂಗ್ಲಿಷು. ಹಾಗಾಗಿ ವ್ಯವಹಾರವೆಲ್ಲ ಅಂಕಿಯಲ್ಲೇ.

'ಜೂಮ್ ಎಷ್ಟು?'

'2000 ಪಟ್ಟು ಸಾರ್.'

ಮಾವನ ಮುಖ ಅರಳಿತು. ಅದೇ ಡಬ್ಬದ ಮಗ್ಗುಲಲ್ಲಿ, ಇರುವೆಗಷ್ಟೇ ಓದಲು ಬರುವ ಅಕ್ಷರದಲ್ಲಿ, ಮಸೂರದ ಅಸಲು ಜೂಮ್ 60 ಪಟ್ಟು ಎಂದಿದೆ. ಮಿಕ್ಕಿದ್ದು ಇದ್ದ ಚುಕ್ಕಿಗಳನ್ನೇ ಎಳೆದು ಹಿಗ್ಗಿಸುವ ಕಸರತ್ತು. ಪೂರ್ತಿ ಎಳೆದರೆ ಗೋಪುರದ ಕಲಶ ಹಳದಿ ಚೌಕಗಳಾಗಿ ದರ್ಶನ ಕೊಡುತ್ತದೆ. ಸ್ಟ್ಯಾಂಡ್ ಇಲ್ಲದ ಕೈ ಸ್ವಲ್ಪ ನಡುಗಿದರೂ ಸಾಕು, ತೇರಿಗಿಂತ ಮೊದಲು ಗೋಪುರವೇ ಹೊರಟುಬಿಡುತ್ತದೆ.

ಬೆಲೆಯ ಮಾತಿಗೆ ಬಂದರೆ, ಎಂಆರ್‌ಪಿ ಎನ್ನುವುದು ಹೊಡೆದುಹಾಕಿ ತೋರಿಸಲೆಂದೇ ಅಚ್ಚು ಹಾಕಿದ ಅಂಕಿ. ಬ್ಯಾಗು ಫ್ರೀ, ಕಾರ್ಡು ಫ್ರೀ, ಮೂರು ಕಾಲಿನ ಸ್ಟ್ಯಾಂಡೂ ಫ್ರೀ (ಅದರ ಒಂದು ಕಾಲು ನಿಲ್ಲುವುದಿಲ್ಲ, ಇರಲಿ). ಕೊನೆಗೆ ಪಿಸುಮಾತು: 'ಬಿಲ್ ಬೇಕಾ?' 2019ರ ಜನವರಿಯಲ್ಲಿ ಸರ್ಕಾರ ವಿಡಿಯೋ ಕ್ಯಾಮರಾದ ಜಿಎಸ್‌ಟಿಯನ್ನು 28ರಿಂದ 18ಕ್ಕೆ ಇಳಿಸಿತು. ಬಿಲ್ಲೇ ಬೇಡವೆನ್ನುವವರಿಗೆ ಅದರಿಂದ ನಯಾಪೈಸೆ ಲಾಭವಾಗಲಿಲ್ಲ, ಪಾಪ.

ಜೇಬಿನಲ್ಲಿ ಫೋನಿದೆಯಲ್ಲ, ಇದ್ಯಾಕೆ ಎಂದು ಕೇಳುವವರು ತೇರಿನ ಬೀದಿಯಲ್ಲಿ ನಿಂತವರಲ್ಲ. ಫೋನು ಎತ್ತಿದವನಿಗೆ ಮೊಣಕೈ ತಿವಿತ ಸಿಗುತ್ತದೆ, ಕ್ಯಾಮರಾ ಎತ್ತಿದವನಿಗೆ ದಾರಿ ಸಿಗುತ್ತದೆ. ಮಾವ ದುಡ್ಡು ಕೊಟ್ಟದ್ದು ಈ ದಾರಿಗೆ.

ಮರ್ಯಾದೆ ಹೋಗುವುದು ಪಂದ ಸೇವೆಯಲ್ಲಿ. ದಾಸರು ಉರಿಯುವ ಪಂಜು ಹಿಡಿದು ಕುಣಿಯುತ್ತಾರೆ. ಅಗ್ಗದ ಹ್ಯಾಂಡಿಕ್ಯಾಮಿನ ಸೆನ್ಸರ್ ಎಳ್ಳುಕಾಳಿನಷ್ಟಿರುತ್ತದೆ, ಅದರ ಮೇಲೆ ಬೀಳುವ ಬೆಳಕಾದರೂ ಎಷ್ಟು? ಜ್ವಾಲೆ ಬರೀ ಬಿಳಿ ಮಚ್ಚೆ, ದಾಸರ ಮುಖ ಕಗ್ಗತ್ತಲೆ, ಆಕಾಶದ ತುಂಬ ಬಣ್ಣಬಣ್ಣದ ಚುಕ್ಕಿಗಳ ಕುಣಿತ. ಆಟೋಫೋಕಸ್ಸು ಪಂಜನ್ನು ಹುಡುಕಿಕೊಂಡು ಹೋಗಿ ಮುಂದೆ ನಿಂತವರ ಜಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಫಟಿಕದಷ್ಟು ಸ್ವಚ್ಛವಾಗಿ ದಾಖಲಾಗುವುದು ಒಂದೇ: ಮೈಕಿಗೆ ಅಂಟಿಕೊಂಡಿರುವ ಮಾವನ ದನಿ. 'ಏಯ್, ಅಡ್ಡ ಬರ್ಬ್ಯಾಡ, ಕುಂತ್ಕ!' ಕಾರಮಡೈ ಕನ್ನಡದ ದಾಖಲೀಕರಣ ನಡೆಯುತ್ತಿಲ್ಲ ಎಂದು ಕೊರಗುವ ವಿದ್ವಾಂಸರು ಗಮನಿಸಬೇಕು.

ನೋಡುವವರು ಯಾರು ಎಂದು ಮಾತ್ರ ಕೇಳಬೇಡಿ. 1995ರಲ್ಲಿ ಬಂದ ಮಿನಿಡಿವಿ ಟೇಪಿನ ಒಂದು ಗಂಟೆಯ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಹಿಡಿಯುತ್ತಿತ್ತು, ಹದಿಮೂರು ಜಿಬಿ ಜಾಗವೂ ಬೇಕಿತ್ತು. ಅಷ್ಟು ಪುರುಸೊತ್ತು ಯಾರಿಗಿತ್ತು? ಟೇಪುಗಳು ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿವೆ. ಓಡಿಸುವ ಯಂತ್ರ ಗುಜರಿಗೆ ಹೋಗಿದೆ.

ಇಷ್ಟರ ಮೇಲೂ ಕೊಳ್ಳಲೇಬೇಕೆಂದರೆ, ಅಂಗಡಿಯವನಿಗೆ ಟ್ಯೂಬ್‌ಲೈಟ್ ಆರಿಸಲು ಹೇಳಿ. ಒಂದು ನಿಮಿಷ ಚಿತ್ರೀಕರಿಸಿ ಅಲ್ಲೇ ಗೋಡೆಯಲ್ಲಿರುವ ದೊಡ್ಡ ಟಿವಿಗೆ ಹಾಕಿಸಿ ನೋಡಿ. ಕ್ಯಾಮರಾದ ಮೂರಂಗುಲದ ಪರದೆಯಲ್ಲಿ ಎಲ್ಲವೂ ಚೆಂದವೇ. ಅವನು ಲೈಟ್ ಆರಿಸಲು ಒಪ್ಪದಿದ್ದರೆ ಮೇಟ್ಟುಪಾಳ್ಯಂ ಬಸ್ಸು ಹಿಡಿದು ಮನೆಗೆ ಬನ್ನಿ.